ದೇಶದ ಹವಾಮಾನ ವರದಿಯನ್ನು ನಾವೇ ಪರಿಶೀಲಿಸುವುದು ಹೇಗೆ?

2024ರ ಡಿಸೆಂಬರ್ 30ರಂದು ಭಾರತ ತನ್ನ ನಾಲ್ಕನೇ ದ್ವೈವಾರ್ಷಿಕ ವರದಿಯನ್ನು ವಿಶ್ವಸಂಸ್ಥೆಯ ಹವಾಮಾನ ಕಚೇರಿಗೆ ಸಲ್ಲಿಸಿತು. ಭೂಮಿಯನ್ನು ಬಿಸಿ ಮಾಡುವ ಹಸಿರುಮನೆ ಅನಿಲಗಳನ್ನು ದೇಶ ಎಷ್ಟು ಬಿಡುತ್ತಿದೆ, ಇಳಿಸಲು ಏನು ಮಾಡುತ್ತಿದೆ ಅನ್ನೋ ಲೆಕ್ಕ ಅದು. ಬಿಯುಆರ್-4 ಅಂತ ಅದರ ಚಿಕ್ಕ ಹೆಸರು. ಆಮೇಲೆ ಸುದ್ದಿಗಳಲ್ಲಿ ಎದ್ದು ಕಂಡದ್ದು ಒಂದು ಅಂಕಿ: 2019ಕ್ಕಿಂತ 2020ರಲ್ಲಿ ದೇಶದಿಂದ ಈ ಅನಿಲಗಳ ಹೊರಸೂಸುವಿಕೆ ಶೇ. 7.93ರಷ್ಟು ಇಳಿದಿದೆ. ಅಂಕಿ ಸರಿಯಾಗಿಯೇ ಇದೆ. ಆದರೆ ಅದರೊಳಗೆ ಎರಡು ಬೇರೆ ಬೇರೆ ವಿಷಯ ಸೇರಿಕೊಂಡಿವೆ. ಅವನ್ನು ಬಿಡಿಸಿ ನೋಡಲು ದೊಡ್ಡ ಪದವಿಯೇನೂ ಬೇಡ, ಕೂಡೋದು ಕಳೆಯೋದು ಗೊತ್ತಿದ್ದರೆ ಸಾಕು. ವಿದ್ಯಾರ್ಥಿಗಳು, ಪತ್ರಕರ್ತರು, ಪರಿಸರದ ಕೆಲಸ ಮಾಡುವವರು ಈ ವರದಿಗಳನ್ನು ಖುದ್ದಾಗಿ ಓದಬೇಕು ಅನ್ನೋದು ನನ್ನ ಆಸೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಯಾವ ವರದಿ ಯಾವುದು ಅಂತ ತಿಳಿದುಕೊಳ್ಳಿ. 1992ರ ವಿಶ್ವಸಂಸ್ಥೆಯ ಹವಾಮಾನ ಒಪ್ಪಂದಕ್ಕೆ ಸಹಿ ಹಾಕಿದ ದೇಶಗಳು ಆಗಾಗ ಒಂದು ದೊಡ್ಡ ರಾಷ್ಟ್ರೀಯ ವರದಿ ಕೊಡಬೇಕು. ಅಭಿವೃದ್ಧಿಶೀಲ ದೇಶಗಳು ಎರಡು ವರ್ಷಕ್ಕೊಮ್ಮೆ ಬಿಯುಆರ್ ಅನ್ನೂ ಕೊಡಬೇಕು ಅಂತ 2010ರ ಕ್ಯಾನ್‌ಕೂನ್ ಸಭೆಯಲ್ಲಿ ತೀರ್ಮಾನವಾಯಿತು. ಈಗ 2015ರ ಪ್ಯಾರಿಸ್ ಒಪ್ಪಂದದ 13ನೇ ವಿಧಿಯ ಪ್ರಕಾರ ಅದರ ಜಾಗಕ್ಕೆ ಬಿಟಿಆರ್, ಅಂದರೆ ದ್ವೈವಾರ್ಷಿಕ ಪಾರದರ್ಶಕತಾ ವರದಿ, ಬಂದಿದೆ. ಮೊದಲ ಬಿಟಿಆರ್‌ಗೆ ಗಡುವು 2024ರ ಡಿಸೆಂಬರ್ 31 ಆಗಿತ್ತು. ಬಿಟಿಆರ್ ಹೇಗಿರಬೇಕು, ಅದನ್ನು ಹೇಗೆ ಪರಿಶೀಲಿಸಬೇಕು ಅನ್ನೋ ನಿಯಮಗಳು 2018ರಲ್ಲಿ ಪೋಲೆಂಡ್‌ನ ಕಟೊವಿಟ್ಸೆಯಲ್ಲಿ ತಯಾರಾದವು, ಕೋಷ್ಟಕಗಳ ನಮೂನೆ 2021ರಲ್ಲಿ ಗ್ಲಾಸ್ಗೋದಲ್ಲಿ. ಪರಿಶೀಲನೆ ಮಾಡುವವರಿಗೆ ಈ ನಿಯಮಗಳೇ ಮುಖ್ಯ ಆಧಾರ. ವರದಿ ಓದುವಾಗ ಅವನ್ನು ಪಕ್ಕದಲ್ಲೇ ತೆರೆದಿಟ್ಟುಕೊಳ್ಳಿ.

ಒಂದೇ ವರದಿ ಇಟ್ಟುಕೊಂಡು ಕೂತರೆ ಏನೂ ಸಿಗುವುದಿಲ್ಲ. ಕನಿಷ್ಠ ಮೂರು ಬೇಕು. ನಮ್ಮ ದೇಶದ್ದಾದರೆ 2021ರ ಫೆಬ್ರವರಿಯಲ್ಲಿ ಕೊಟ್ಟ ಬಿಯುಆರ್-3, ಅದರಲ್ಲಿ 2016ರ ಲೆಕ್ಕ ಇದೆ. 2023ರ ಡಿಸೆಂಬರ್‌ನಲ್ಲಿ ಕೊಟ್ಟ ಮೂರನೇ ರಾಷ್ಟ್ರೀಯ ವರದಿಯಲ್ಲಿ 2019ರ ಲೆಕ್ಕ. ಬಿಯುಆರ್-4ರಲ್ಲಿ 2020ರದ್ದು. ಮೂರೂ ವಿಶ್ವಸಂಸ್ಥೆಯ ಹವಾಮಾನ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಮೊದಲ ಪುಟದಿಂದ ಓದಲು ಹೋಗಬೇಡಿ, ಸುಸ್ತಾಗುತ್ತದೆ. ದೇಶದ ಭೂಗೋಳ, ಜನಸಂಖ್ಯೆ, ಆರ್ಥಿಕತೆ ಇರೋ ಅಧ್ಯಾಯ ಆಮೇಲೆ. ನೇರವಾಗಿ ಹಸಿರುಮನೆ ಅನಿಲಗಳ ಲೆಕ್ಕಪಟ್ಟಿಗೆ ಹೋಗಿ.

ಅಲ್ಲಿ ಮೊದಲು ಮಾಡಬೇಕಾದ್ದು ಕೂಡುವ ಲೆಕ್ಕ. ಬಿಯುಆರ್-4ರಲ್ಲಿ ಒಟ್ಟು ಹೊರಸೂಸುವಿಕೆಗೆ ಇಂಧನ ವಲಯದ ಪಾಲು ಶೇ. 75.66, ಕೃಷಿ ಶೇ. 13.72, ಕೈಗಾರಿಕಾ ಪ್ರಕ್ರಿಯೆಗಳು ಶೇ. 8.06, ತ್ಯಾಜ್ಯ ಶೇ. 2.56. ಕೂಡಿದರೆ ಸರಿಯಾಗಿ ನೂರು ಬರುತ್ತದೆ. ಹೀಗೆ ಪ್ರತಿ ಕೋಷ್ಟಕವನ್ನೂ ಕೂಡಿ ನೋಡಿ, ಕೋಷ್ಟಕದ ಅಂಕಿಯೂ ಪಠ್ಯದ ಅಂಕಿಯೂ ಒಂದೇನಾ ಅಂತ ನೋಡಿ. ಬೇಸರದ ಕೆಲಸ ನಿಜ, ಆದರೆ ಕೋಷ್ಟಕದಲ್ಲಿ ಒಂದು, ಪಠ್ಯದಲ್ಲಿ ಇನ್ನೊಂದು ಇದ್ದರೆ ಪರಿಶೀಲನೆಯ ಮೊದಲ ಪ್ರಶ್ನೆ ಅಲ್ಲೇ ಸಿಕ್ಕಿತು.

ಈಗ ಆ 7.93ಕ್ಕೆ ಬರೋಣ. ಪ್ರತಿ ವರದಿಯಲ್ಲೂ ಎರಡು ಮೊತ್ತ ಇರುತ್ತವೆ. ಕಾಡು ಮತ್ತು ಭೂಬಳಕೆಯ ಲೆಕ್ಕ ಬಿಟ್ಟು ಒಂದು, ಅದನ್ನು ಸೇರಿಸಿ ಇನ್ನೊಂದು. ವರದಿಯಲ್ಲಿ ಅಂಕಿಗಳು ಮಿಲಿಯನ್ ಟನ್‌ನಲ್ಲಿರುತ್ತವೆ, ಹತ್ತರಿಂದ ಭಾಗಿಸಿದರೆ ಕೋಟಿ ಟನ್. 2020ರಲ್ಲಿ ಕಾಡು ಬಿಟ್ಟು 295.9 ಕೋಟಿ ಟನ್, ಕಾಡು ಹೀರಿದ್ದನ್ನು ಕಳೆದರೆ 243.7 ಕೋಟಿ ಟನ್. 2019ರಲ್ಲಿ ಇವೇ ಅಂಕಿಗಳು ಸುಮಾರು 313 ಮತ್ತು 265 ಕೋಟಿ ಟನ್. ಎರಡನೇ ಜೋಡಿಯನ್ನು ಹೋಲಿಸಿದರೆ ಇಳಿಕೆ ಹತ್ತಿರ ಹತ್ತಿರ ಶೇ. 8, ಅಂದರೆ 7.93 ಬಂದಿದ್ದು ಇಲ್ಲಿಂದ. ಮೊದಲ ಜೋಡಿಯನ್ನು ಹೋಲಿಸಿ ನೋಡಿ: ಶೇ. 5.5ರ ಆಸುಪಾಸು. ಉಳಿದ ವ್ಯತ್ಯಾಸ ಎಲ್ಲಿಂದ ಬಂತು? ಮರ ಮತ್ತು ಮಣ್ಣು ಹೀರಿಕೊಂಡ ಇಂಗಾಲದ ಲೆಕ್ಕ ಆ ಒಂದೇ ವರ್ಷದಲ್ಲಿ ಸುಮಾರು 48 ಕೋಟಿ ಟನ್‌ನಿಂದ 52 ಕೋಟಿ ಟನ್‌ಗೆ ಏರಿದೆ. ಅದೂ ಸೇರಿ ಇಳಿಕೆ ದೊಡ್ಡದಾಗಿ ಕಾಣುತ್ತದೆ. ಜೊತೆಗೆ 2020 ಅಂದರೆ ಕೋವಿಡ್ ವರ್ಷ. ಲಾಕ್‌ಡೌನ್‌ನಲ್ಲಿ ರಸ್ತೆ ಖಾಲಿ, ಕಾರ್ಖಾನೆ ಬಂದ್. ಹಾಗಾಗಿ ನೀತಿಯಿಂದ ಆದ ಇಳಿಕೆ ಎಷ್ಟು, ಲಾಕ್‌ಡೌನ್‌ನಿಂದ ಎಷ್ಟು, ಕಾಡಿನ ಲೆಕ್ಕದಿಂದ ಎಷ್ಟು ಅಂತ ಮೂರು ಭಾಗ ಮಾಡಿ ಕೇಳಲೇಬೇಕು. ಯಾವುದೇ ದೇಶದ 2020ರ ಅಂಕಿಗೂ ಇದೇ ಪ್ರಶ್ನೆ.

ಕಾಡಿನ ಲೆಕ್ಕದಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿ. ಡೆಹ್ರಾಡೂನ್‌ನ ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯ ಪ್ರಕಾರ ಒಂದು ಹೆಕ್ಟೇರ್‌ಗಿಂತ ದೊಡ್ಡ ಜಾಗದಲ್ಲಿ ಶೇ. 10ಕ್ಕಿಂತ ಹೆಚ್ಚು ಮರದ ನೆರಳಿದ್ದರೆ ಅದು ಅರಣ್ಯ ಹೊದಿಕೆ, ಜಮೀನು ಯಾರದ್ದೇ ಆಗಿರಲಿ, ಮರ ಯಾವುದೇ ಇರಲಿ. ಕೊಡಗಿನ ನೆರಳಿನ ಕಾಫಿ ತೋಟ, ಮಲೆನಾಡಿನ ಅಡಿಕೆ ತೋಟ ಕೂಡ ಈ ವ್ಯಾಖ್ಯೆಯೊಳಗೆ ಬರಬಹುದು. ಇಂಗಾಲದ ದೃಷ್ಟಿಯಿಂದ ಇದು ಪೂರ್ತಿ ತಪ್ಪು ಅಂತ ಹೇಳಲಾಗದು, ತೋಟದ ಮರವೂ ಇಂಗಾಲ ಹಿಡಿದಿಡುತ್ತದೆ. ಆದರೆ ಶೋಲಾ ಕಾಡು ಹೋಗಿ ತೋಟ ಬಂದರೂ ಹೊದಿಕೆಯ ವಿಸ್ತೀರ್ಣ ಅಷ್ಟೇ ಇರಬಹುದಲ್ವಾ? 2005ರಿಂದ 2021ರ ನಡುವೆ 229 ಕೋಟಿ ಟನ್ ಹೆಚ್ಚುವರಿ ಇಂಗಾಲ ಸಂಗ್ರಹ ಆಗಿದೆ ಅಂತ ಬಿಯುಆರ್-4 ಹೇಳುತ್ತದೆ. ಅದರಲ್ಲಿ ನಿಜವಾಗಿ ಹೊಸದಾಗಿ ಬೆಳೆದ ಮರ ಎಷ್ಟು, ಅಳತೆಯ ವಿಧಾನ ಸುಧಾರಿಸಿದ್ದರಿಂದ ಕಂಡದ್ದು ಎಷ್ಟು ಅನ್ನೋದನ್ನು ವರದಿ ಬಿಡಿಸಿ ಹೇಳಿದೆಯಾ? ನನ್ನ ಮಟ್ಟಿಗೆ ಇಡೀ ಪರಿಶೀಲನೆಯಲ್ಲಿ ಅತಿ ಮುಖ್ಯವಾದ ಪ್ರಶ್ನೆ ಇದು.

ಮುಂದೆ ಮೀಥೇನ್. ದನಕರು, ಭತ್ತದ ಗದ್ದೆ, ಕಸದ ರಾಶಿಯಿಂದ ಬರುವ ಅನಿಲ ಇದು. ಎಲ್ಲ ಅನಿಲಗಳನ್ನೂ ಕಾರ್ಬನ್ ಡೈಆಕ್ಸೈಡ್‌ಗೆ ಸಮ ಮಾಡಿ ಕೂಡುವಾಗ ಮೀಥೇನ್ ಅನ್ನು ಒಂದು ಸಂಖ್ಯೆಯಿಂದ ಗುಣಿಸುತ್ತಾರೆ. ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿಯಾದ ಐಪಿಸಿಸಿಯ ಎರಡನೇ ಮೌಲ್ಯಮಾಪನದಲ್ಲಿ ಆ ಸಂಖ್ಯೆ 21, ಐದನೆಯದರಲ್ಲಿ 28. ಒಂದು ದೇಶ ವರ್ಷಕ್ಕೆ 2 ಕೋಟಿ ಟನ್ ಮೀಥೇನ್ ಬಿಡುತ್ತದೆ ಅಂದುಕೊಳ್ಳಿ. 21ರ ಲೆಕ್ಕದಲ್ಲಿ ಅದು 42 ಕೋಟಿ ಟನ್, 28ರ ಲೆಕ್ಕದಲ್ಲಿ 56 ಕೋಟಿ ಟನ್. ಒಂದು ಹಸುವೂ ಹೆಚ್ಚಾಗದೆ 14 ಕೋಟಿ ಟನ್ ವ್ಯತ್ಯಾಸ! ಬಿಯುಆರ್-3 ಹಳೆಯ 21 ಅನ್ನೇ ಬಳಸಿದೆ, ಆಗ ಅದಕ್ಕೆ ಅವಕಾಶವಿತ್ತು. ಬಿಟಿಆರ್‌ಗಳಲ್ಲಿ ಐದನೇ ಮೌಲ್ಯಮಾಪನದ ಅಂಕಿ ಬಳಸಬೇಕು. ಆದ್ದರಿಂದ ಎರಡು ವರದಿಗಳನ್ನು, ಅಥವಾ ಎರಡು ದೇಶಗಳನ್ನು ಪಕ್ಕಪಕ್ಕ ಇಡುವ ಮೊದಲು ಈ ಗುಣಕ ಯಾವುದು ಅಂತ ಹುಡುಕಿ. ಅದು ಸಾಮಾನ್ಯವಾಗಿ ವಿಧಾನದ ಭಾಗದಲ್ಲೋ ಕೋಷ್ಟಕದ ಅಡಿಯಲ್ಲೋ ಸಣ್ಣ ಅಕ್ಷರದಲ್ಲಿ ಇರುತ್ತದೆ.

ಕೋಷ್ಟಕಗಳಲ್ಲಿ ಅಂಕಿಯ ಬದಲು ಅಕ್ಷರಗಳೂ ಕಾಣುತ್ತವೆ. ಎನ್‌ಓ ಅಂದರೆ ಆ ಚಟುವಟಿಕೆ ದೇಶದಲ್ಲಿ ಇಲ್ಲವೇ ಇಲ್ಲ. ಎನ್‌ಇ ಅಂದರೆ ಇದೆ, ಆದರೆ ಅಂದಾಜು ಮಾಡಿಲ್ಲ. ಐಇ ಅಂದರೆ ಬೇರೆ ಕಡೆ ಸೇರಿಸಿದ್ದೇವೆ. ಇವುಗಳ ಮೇಲೆ ಕಣ್ಣಿಡಿ. ಎನ್‌ಇ ಇದ್ದರೆ ಯಾಕೆ ಅಂತ ವಿವರಣೆ ಇರಬೇಕು, ಐಇ ಇದ್ದರೆ ಎಲ್ಲಿ ಸೇರಿಸಿದ್ದಾರೆ ಅಂತ ಹೇಳಿರಬೇಕು. ಸುಮ್ನೆ ಖಾಲಿ ಬಿಟ್ಟ ಚೌಕ ಇದ್ದರೆ ಅದನ್ನೂ ಬರೆದುಕೊಳ್ಳಿ. ಒಂದು ಮಾತು ನೆನಪಿರಲಿ, ಪ್ಯಾರಿಸ್ ನಿಯಮಗಳಲ್ಲಿ ಅಭಿವೃದ್ಧಿಶೀಲ ದೇಶಗಳಿಗೆ ಸಾಮರ್ಥ್ಯ ಕಡಿಮೆ ಇದ್ದ ಕಡೆ ರಿಯಾಯಿತಿ ಇದೆ. ಏಳರ ಬದಲು ಮೂರು ಮುಖ್ಯ ಅನಿಲಗಳ ಲೆಕ್ಕವನ್ನಷ್ಟೇ ಕೊಡಬಹುದು, ಎರಡರ ಬದಲು ಮೂರು ವರ್ಷ ಹಳೆಯ ಅಂಕಿ ಕೊಡಬಹುದು. ರಿಯಾಯಿತಿ ತಗೊಂಡಿದ್ದಕ್ಕೆ ತಪ್ಪು ಹುಡುಕುವಂತಿಲ್ಲ. ಯಾವುದಕ್ಕೆ ತಗೊಂಡರು, ಏನು ಅಡ್ಡಿ ಇದೆ, ಯಾವಾಗ ಸರಿಪಡಿಸುತ್ತಾರೆ ಅನ್ನೋದನ್ನು ಹೇಳಿದ್ದಾರಾ ಅಂತ ಮಾತ್ರ ನೋಡಬೇಕು.

ಆಮೇಲೆ ಗುರಿಗಳ ಕಡೆ ಬನ್ನಿ. 2030ರ ಹೊತ್ತಿಗೆ ಜಿಡಿಪಿಯ ಪ್ರತಿ ರೂಪಾಯಿಗೆ ಆಗುವ ಹೊರಸೂಸುವಿಕೆಯನ್ನು 2005ಕ್ಕಿಂತ ಶೇ. 45ರಷ್ಟು ಇಳಿಸುತ್ತೇವೆ ಅಂತ ಭಾರತ 2022ರಲ್ಲಿ ಹೇಳಿತು. 2016ಕ್ಕೆ ಶೇ. 24, 2019ಕ್ಕೆ ಶೇ. 33, 2020ಕ್ಕೆ ಶೇ. 36 ಇಳಿಕೆ ಅಂತ ಮೂರು ವರದಿಗಳು ಹೇಳುತ್ತವೆ. ಒಂದು ಗೆರೆ ಎಳೆದು ಮೂರನ್ನೂ ಜೋಡಿಸಲು ಕೈ ತುರಿಸುತ್ತದೆ, ತಡೆಯಿರಿ. ಬಿಯುಆರ್-3ರ ಶೇ. 24ರಲ್ಲಿ ಕೃಷಿಯ ಹೊರಸೂಸುವಿಕೆ ಸೇರಿಲ್ಲ. ಉಳಿದ ಎರಡರಲ್ಲಿ ಹೊರಸೂಸುವಿಕೆಯ ಯಾವ ಅಂಕಿಯನ್ನು ಜಿಡಿಪಿಯಿಂದ ಭಾಗಿಸಿದ್ದಾರೆ, ಆ ಜಿಡಿಪಿ ಯಾವ ವರ್ಷದ ಬೆಲೆಯಲ್ಲಿದೆ ಅಂತ ನೋಡಿದ ಮೇಲೆಯೇ ಹೋಲಿಸಿ. ಇನ್ನೊಂದು, ಈ ಅಂಕಿ ಇಳಿದರೆ ಒಟ್ಟು ಹೊಗೆ ಇಳಿದಿದೆ ಅಂತ ಅರ್ಥವಲ್ಲ. 2016ರಿಂದ 2019ಕ್ಕೆ ಒಟ್ಟು ಮೊತ್ತ 284 ಕೋಟಿಯಿಂದ 313 ಕೋಟಿ ಟನ್‌ಗೆ ಏರಿದೆ. ಎರಡೂ ನಿಜ, ಎರಡನ್ನೂ ಬರೆಯಿರಿ.

ವಿದ್ಯುತ್ತಿನ ಗುರಿಯಲ್ಲೂ ಹೀಗೇ. 2024ರ ಅಕ್ಟೋಬರ್‌ಗೆ ಪಳೆಯುಳಿಕೆಯೇತರ ಮೂಲಗಳ ಪಾಲು ಶೇ. 46.52 ಅಂತ ವರದಿ ಹೇಳುವುದು ಸ್ಥಾಪಿತ ಸಾಮರ್ಥ್ಯದ ಬಗ್ಗೆ, ನಿಜವಾಗಿ ತಯಾರಾದ ವಿದ್ಯುತ್ತಿನ ಬಗ್ಗೆ ಅಲ್ಲ. ಪಾವಗಡದ ಸೋಲಾರ್ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್, ರಾಯಚೂರಿನ ಕಲ್ಲಿದ್ದಲು ಸ್ಥಾವರದ್ದು 1,720. ಆದರೆ ಪಾವಗಡದಲ್ಲಿ ರಾತ್ರಿ ಕರೆಂಟ್ ಬರುವುದಿಲ್ಲ. 2024ರಲ್ಲಿ ದೇಶದಲ್ಲಿ ತಯಾರಾದ ವಿದ್ಯುತ್ತಿನಲ್ಲಿ ಸುಮಾರು ಮುಕ್ಕಾಲು ಪಾಲು ಕಲ್ಲಿದ್ದಲಿನದ್ದೇ.

ಪ್ರಶ್ನೆ ಬರೆಯುವ ರೀತಿಯೂ ಮುಖ್ಯ. ವಿಶ್ವಸಂಸ್ಥೆಯ ಪರವಾಗಿ ಈ ವರದಿಗಳನ್ನು ಪರಿಶೀಲಿಸುವ ಅಧಿಕೃತ ತಜ್ಞರ ತಂಡಕ್ಕೆ ಕಟ್ಟುನಿಟ್ಟಾದ ಮಿತಿ ಇದೆ: ರಾಜಕೀಯ ತೀರ್ಪು ಕೊಡುವಂತಿಲ್ಲ, ದೇಶದ ಗುರಿ ಸಾಕಾ ಸಾಲದಾ ಅಂತ ಹೇಳುವಂತಿಲ್ಲ. ನಾಗರಿಕರಾದ ನಮಗೆ ಆ ಮಿತಿ ಇಲ್ಲ, ಗುರಿಯ ಬಗ್ಗೆ ಗಟ್ಟಿಯಾಗಿ ಮಾತಾಡೋಣ. ಆದರೆ ಲೆಕ್ಕದ ಪ್ರಶ್ನೆಯನ್ನೂ ಗುರಿಯ ಪ್ರಶ್ನೆಯನ್ನೂ ಬೆರೆಸಬೇಡಿ. "ಸರ್ಕಾರ ಕಾಡಿನ ಲೆಕ್ಕದಲ್ಲಿ ಮೋಸ ಮಾಡಿದೆ" ಅಂತ ಬರೆದರೆ ಯಾರೂ ಉತ್ತರ ಕೊಡುವುದಿಲ್ಲ. "2019 ಮತ್ತು 2020ರ ನಡುವೆ ಭೂಬಳಕೆ ವಲಯದ ಹೀರುವಿಕೆ ಹೆಚ್ಚಿದೆ. ಇದರಲ್ಲಿ ಹೊಸ ದತ್ತಾಂಶದ ಪಾಲೆಷ್ಟು, ಹಿಂದಿನ ವರ್ಷಗಳನ್ನೂ ಅದೇ ವಿಧಾನದಲ್ಲಿ ಮತ್ತೆ ಲೆಕ್ಕ ಹಾಕಲಾಗಿದೆಯೇ?" ಅಂತ ಪುಟ ಸಂಖ್ಯೆ, ಕೋಷ್ಟಕ ಸಂಖ್ಯೆ ಸಮೇತ ಕೇಳಿ. ಇದಕ್ಕೆ ಉತ್ತರ ಇರುತ್ತದೆ. ಕೇಂದ್ರ ಪರಿಸರ ಸಚಿವಾಲಯಕ್ಕೆ ಆರ್‌ಟಿಐ ಹಾಕುವಾಗಲೂ ಹೀಗೆ ಕೇಳಿದರೆ ಒಳ್ಳೆಯದು.

ನಿಮ್ಮ ಪಟ್ಟಿ ತಯಾರಾದ ಮೇಲೆ, ಮೊದಲಲ್ಲ, ಅದೇ ವೆಬ್‌ಸೈಟ್‌ನಲ್ಲಿ ಭಾರತದ ಹಿಂದಿನ ಬಿಯುಆರ್‌ಗಳ ಮೇಲೆ ಅಂತರರಾಷ್ಟ್ರೀಯ ತಜ್ಞರು ಬರೆದ ಸಾರಾಂಶ ವರದಿಗಳನ್ನು ತೆರೆಯಿರಿ. ಅವರು ಕಂಡದ್ದು ನಿಮಗೆ ಕಂಡಿದೆಯಾ, ನೀವು ಕಂಡದ್ದು ಅವರಿಗೆ ಬಿಟ್ಟುಹೋಗಿದೆಯಾ ಅಂತ ಒಂದೊಂದಾಗಿ ಗುರುತು ಹಾಕಿ. ಈ ಕೆಲಸ ಹಿಡಿಸಿದರೆ ಮುಂದೆ ಅಧಿಕೃತ ಪರಿಶೀಲಕರೂ ಆಗಬಹುದು. ಅದಕ್ಕೆ ಸರ್ಕಾರ ನಿಮ್ಮ ಹೆಸರನ್ನು ತಜ್ಞರ ಪಟ್ಟಿಗೆ ಸೂಚಿಸಬೇಕು, ತರಬೇತಿ ಮುಗಿಸಿ ಪರೀಕ್ಷೆ ಪಾಸಾಗಬೇಕು. ಆಗ ಸ್ವಂತ ದೇಶದ ವರದಿ ನೋಡುವಂತಿಲ್ಲ, ಬೇರೆ ದೇಶದ್ದೇ ಕೊಡುತ್ತಾರೆ. ಹಾಗಾಗಿ ಈಗಿನಿಂದಲೇ ಬ್ರೆಜಿಲ್‌ನದ್ದೋ ಇಂಡೋನೇಷ್ಯಾದ್ದೋ ಒಂದು ವರದಿ ತೆಗೆದು ಇದೇ ಕ್ರಮದಲ್ಲಿ ಓದಿ ನೋಡಿ. ಅಲ್ಲೂ ಮೊದಲು ಕಾಡಿನ ಕೋಷ್ಟಕಕ್ಕೆ ಹೋಗಿ.