ಕನ್ನಡದ ನಡುವೆ ಪೌಂಡಿನ ಗುರುತು

ಮಾಟುಂಗದ ಸಭಾಂಗಣವೊಂದರಲ್ಲಿ ನಮ್ಮ ಸಂಘದ ವಾರ್ಷಿಕೋತ್ಸವ. ಮುಂಬಯಿ ಕನ್ನಡಿಗರ ಹಳೆಯ ಚಿತ್ರಗಳನ್ನು ತೋರಿಸುತ್ತ ಇಪ್ಪತ್ತು ನಿಮಿಷ ಮಾತನಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಡೊಂಬಿವಲಿಯ ಮನೆಯಲ್ಲಿ ಮೂರು ರಾತ್ರಿ ಕುಳಿತು ಪವರ್‌ಪಾಯಿಂಟ್‌ನಲ್ಲಿ ಸ್ಲೈಡ್‌ಗಳನ್ನು ಜೋಡಿಸಿದ್ದೆ. ಸಭಾಂಗಣದ ಕಂಪ್ಯೂಟರಿಗೆ ಪೆನ್‌ಡ್ರೈವ್ ಸಿಕ್ಕಿಸಿ ನೋಡಿದರೆ, ‘ಕನ್ನಡ’ ಎಂದಿರಬೇಕಾದಲ್ಲಿ ತಲೆಯ ಮೇಲೆ ಗೀರು ಹೊತ್ತ ರೋಮನ್ ಅಕ್ಷರಗಳು, ಅವುಗಳ ನಡುವೆ ಬ್ರಿಟಿಷ್ ಪೌಂಡಿನ ಗುರುತು! ಮುಂದಿನ ಸಾಲಿನ ಹಿರಿಯರೊಬ್ಬರು, “ಇದೇನು, ಲಂಡನ್ ಶಾಖೆಯ ಲೆಕ್ಕಪತ್ರವೇ?” ಎಂದರು. ಸಭೆ ನಕ್ಕಿತು. ನಾನು ಚಿತ್ರಗಳನ್ನಷ್ಟೇ ತೋರಿಸಿ ಇಳಿದೆ.

ತಪ್ಪು ನನ್ನದೇ. ನಾನು ಬರೆದದ್ದು ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ. ಅದು ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್ ಅಲ್ಲ. ಅಲ್ಲಿ ಕಡತದೊಳಗೆ ಉಳಿಯುವುದು ರೋಮನ್ ಸಂಕೇತಗಳು. ಫಾಂಟು ಅವಕ್ಕೆ ಕನ್ನಡದ ವೇಷ ಕಟ್ಟುತ್ತದೆ. ಫಾಂಟ್ ಇಲ್ಲದ ಯಂತ್ರದಲ್ಲಿ, ಯಕ್ಷಗಾನದ ಚೌಕಿಯಲ್ಲಿ ಬಣ್ಣ ಒರೆಸಿಕೊಂಡ ಮಹಿಷಾಸುರನ ಹಾಗೆ, ಒಳಗಿನ ಮನುಷ್ಯ ಹೊರಬೀಳುತ್ತಾನೆ. ಮರುವರ್ಷ ಮೊದಲು ಮಾಡಿದ ಕೆಲಸ ಹಳೆಯ ಬರಹವನ್ನೆಲ್ಲ ಪರಿವರ್ತಕಕ್ಕೆ ಹಾಕಿ ಯೂನಿಕೋಡ್‌ಗೆ ತಂದದ್ದು. ಅರ್ಕಾವತ್ತುಗಳು ಕೆಲವೆಡೆ ಜಾಗ ತಪ್ಪಿದ್ದವು, ಅವನ್ನು ಕೈಯಾರೆ ತಿದ್ದಿದೆ.

ಇನ್ನು ಫಾಂಟು. ವಿಂಡೋಸ್‌ನಲ್ಲಿ ಬರುವ ನಿರ್ಮಲಾ ಯುಐ ಈಗಿನ ವಿಂಡೋಸ್ ಯಂತ್ರಗಳಲ್ಲೆಲ್ಲ ಕೆಲಸ ಮಾಡುತ್ತದೆ, ಆದರೆ ಶೀರ್ಷಿಕೆಗೆ ಸಪ್ಪೆ. ನಾನು ಆರಿಸಿದ್ದು ಅನೇಕ್ ಕನ್ನಡ. ಇದನ್ನು ರೂಪಿಸಿದ ಏಕ್ ಟೈಪ್ ನಮ್ಮ ಮುಂಬಯಿಯದೇ ತಂಡ ಎಂಬ ಅಭಿಮಾನವೂ ಸ್ವಲ್ಪ ಇತ್ತೆನ್ನಿ. ಉಚಿತ, ಅದಕ್ಕಿಂತ ಮುಖ್ಯವಾಗಿ ಅದರಲ್ಲಿ ಅಕ್ಷರದ ದಪ್ಪದ ಜೊತೆಗೆ ಅಗಲವನ್ನೂ ಆರಿಸಿಕೊಳ್ಳಬಹುದು. ‘ವ್ಯವಸ್ಥಾಪಕ ಮಂಡಳಿಯವರಿಗೆ’ ಎಂಬಂತಹ ಉದ್ದದ ಪದಗಳು ಶೀರ್ಷಿಕೆಯಲ್ಲಿ ಬಂದಾಗ ಕಿರಿದಾದ ರೂಪ ಎಷ್ಟು ಉಪಕಾರಿ ಎಂಬುದು ಬರೆದವರಿಗೇ ಗೊತ್ತು.

ನಿಜವಾದ ಕಷ್ಟ ಇದ್ದದ್ದು ಸಾಲುಗಳ ನಡುವಿನ ಅಂತರದಲ್ಲಿ. ಪವರ್‌ಪಾಯಿಂಟ್‌ನ ಮಾಮೂಲಿ ವಿನ್ಯಾಸದಲ್ಲಿ ಇದು 0.9. ಇಂಗ್ಲಿಷಿಗೆ ಸಾಕು. ನಮ್ಮಲ್ಲಿ ‘ರಾಷ್ಟ್ರ’ ಎಂದು ಬರೆದರೆ ಒತ್ತುಗಳು ಕೆಳಗೆ ಇಳಿಯುತ್ತವೆ, ಅದರ ಕೆಳಗಿನ ಸಾಲಿನಲ್ಲಿ ‘ಕೀರ್ತಿ’ಯ ಗುಡಿಸು ಮೇಲೇಳುತ್ತದೆ, ಎರಡೂ ಬೆಳಗಿನ ವಿರಾರ್ ಲೋಕಲ್ಲಿನ ಪ್ರಯಾಣಿಕರಂತೆ ಒಂದಕ್ಕೊಂದು ಮೊಣಕೈ ತಾಗಿಸುತ್ತವೆ. ನಾನು 1.2ಕ್ಕೆ ಏರಿಸಿದೆ. ಆದರೂ ಕೆಲವು ಸ್ಲೈಡ್‌ಗಳಲ್ಲಿ ಮತ್ತೆ ಇಕ್ಕಟ್ಟು. ಹುಡುಕಿದಾಗ ಸಿಕ್ಕಿಬಿದ್ದದ್ದು ಆಟೋಫಿಟ್: ಬರಹ ಚೌಕದಿಂದ ಹೊರಗೆ ಹರಿದರೆ ಅದು ಕೇಳದೆಯೇ ಅಕ್ಷರದ ಗಾತ್ರವನ್ನೂ ಸಾಲಿನ ಅಂತರವನ್ನೂ ಕುಗ್ಗಿಸುತ್ತದೆ. ಅದನ್ನು ಬಂದ್ ಮಾಡಿದೆ. ಬರಹ ಹೆಚ್ಚಾದರೆ ಎರಡು ವಾಕ್ಯ ಹೊಡೆದುಹಾಕುವುದು ನನ್ನ ಕೆಲಸ, ತಂತ್ರಾಂಶದ್ದಲ್ಲ.

ಇದನ್ನೆಲ್ಲ ಸ್ಲೈಡಿನಿಂದ ಸ್ಲೈಡಿಗೆ ಮಾಡುತ್ತ ಹೋಗಿದ್ದರೆ ಮತ್ತೆ ಮೂರು ರಾತ್ರಿ ಹೋಗುತ್ತಿತ್ತು. ವ್ಯೂ ಮೆನುವಿನಲ್ಲಿರುವ ಸ್ಲೈಡ್ ಮಾಸ್ಟರ್ ತೆರೆದು, ಎಲ್ಲಕ್ಕಿಂತ ಮೇಲಿರುವ ದೊಡ್ಡ ಸ್ಲೈಡಿನಲ್ಲಿ ಫಾಂಟ್, ಅಂತರ, ಬಣ್ಣ ಒಮ್ಮೆ ಹೊಂದಿಸಿದೆ. ಕೆಳಗಿನವೆಲ್ಲ ಅದನ್ನೇ ಅನುಸರಿಸಿದವು. ಅಲ್ಲಿದ್ದ 11 ವಿನ್ಯಾಸಗಳಲ್ಲಿ ನಾಲ್ಕನ್ನು ಉಳಿಸಿ ಉಳಿದವನ್ನು ಅಳಿಸಿದೆ. ಚಿತ್ರಕ್ಕೆಂದೇ ಒಂದು ವಿನ್ಯಾಸ ಮಾಡಿ ಅದರಲ್ಲಿ ಚಿತ್ರದ ಚೌಕ ಇಟ್ಟದ್ದರಿಂದ, ಯಾರ ಮನೆಯ ಯಾವ ಅಳತೆಯ ಫೋಟೋ ಹಾಕಿದರೂ ತಾನೇ ಕತ್ತರಿಸಿಕೊಂಡು ಕುಳಿತಿತು. ತಲೆ ಕತ್ತರಿಸಿಹೋದ ಒಂದಿಬ್ಬರು ಅಜ್ಜಂದಿರನ್ನು ಮಾತ್ರ ಕ್ರಾಪ್ ಒತ್ತಿ ಕೆಳಗೆ ಸರಿಸಬೇಕಾಯಿತು. ಫೋಟೋಗಳನ್ನು ವಾಟ್ಸಾಪ್‌ನಲ್ಲಿ ಸ್ಪಷ್ಟತೆ ಕುಗ್ಗದಂತೆ ಡಾಕ್ಯುಮೆಂಟ್ ಆಗಿ ಕಳುಹಿಸಿರೆಂದು ಎಲ್ಲರಿಗೂ ಹೇಳಿದ್ದೆ. ಕೇಳಿದವರು ಅರ್ಧದಷ್ಟು ಜನ.

ಕನ್ನಡವನ್ನು ಓರೆಯಾಗಿಸುವುದನ್ನೂ ಅಡಿಗೆರೆ ಎಳೆಯುವುದನ್ನೂ ಬಿಟ್ಟುಬಿಟ್ಟಿದ್ದೇನೆ. ಗೆರೆ ಸರಿಯಾಗಿ ಒತ್ತಕ್ಷರದ ಕುತ್ತಿಗೆಯ ಮೇಲೆ ಹಾಯುತ್ತದೆ. ಒತ್ತು ಕೊಡಬೇಕಾದ ಪದಕ್ಕೆ ಬಣ್ಣ ಬದಲಿಸಿದರೆ ಸಾಕು.

ಕೊನೆಯಲ್ಲಿ ಫೈಲ್, ಆಪ್ಷನ್ಸ್, ಸೇವ್ ಎಂದು ಹೋಗಿ ಫಾಂಟನ್ನು ಕಡತದೊಳಗೇ ಸೇರಿಸಿದೆ. ನಂಬಿಕೆ ಸಾಲದೆ ಒಂದು ಪಿಡಿಎಫ್ ಪ್ರತಿಯನ್ನೂ ಇಟ್ಟುಕೊಂಡೆ. ಸಭಾಂಗಣಕ್ಕೆ ಮೊದಲೇ ಫೋನ್ ಮಾಡಿ ಕೇಳಿದ್ದರಿಂದ ಅಲ್ಲಿನ ಪ್ರೊಜೆಕ್ಟರ್ ಅಗಲ-ಎತ್ತರ 4:3 ಇರುವ ಹಳೆಯ ಬಗೆಯದೆಂದು ತಿಳಿಯಿತು. ಸ್ಲೈಡ್‌ಗಳ ಗಾತ್ರವನ್ನು ಮನೆಯಲ್ಲೇ ಬದಲಿಸಿದೆ.

ಈ ಸಲ ಪೌಂಡ್ ಕಾಣಿಸಲಿಲ್ಲ. ಇಪ್ಪತ್ತನೆಯ ಸ್ಲೈಡಿನ ಹೊತ್ತಿಗೆ ಅದೇ ಹಿರಿಯರು ಎದ್ದು, ಹೋಟೆಲಿನ ಮುಂದೆ ಹುಡುಗರು ಸಾಲಾಗಿ ನಿಂತಿದ್ದ ಚಿತ್ರವನ್ನು ಮತ್ತೊಮ್ಮೆ ತೋರಿಸಲು ಹೇಳಿದರು. ಸ್ಲೈಡ್‌ಗಳ ಸಂಖ್ಯೆಯ ಪಟ್ಟಿ ನನ್ನ ಕೈಯಲ್ಲಿತ್ತು. ಕೀಲಿಮಣೆಯಲ್ಲಿ 14 ಒತ್ತಿ ಎಂಟರ್ ಒತ್ತಿದೆ, ಚಿತ್ರ ಬಂದಿತು. ಎಡದಿಂದ ಮೂರನೆಯವನು ತಮ್ಮ ಅಣ್ಣನೆಂದು ಅವರು ಹೇಳತೊಡಗಿದರು. ಊಟಕ್ಕೆ ಕರೆಯುವವರೆಗೂ ಪರದೆಯ ಮೇಲೆ ಅದೇ ಇತ್ತು. ಉಳಿದ ಆರು ಸ್ಲೈಡ್‌ಗಳನ್ನು ಯಾರೂ ಕೇಳಲಿಲ್ಲ.