ಹರಿತಾನ್‌ನಲ್ಲಿ ಸತ್ತ ಮಗ, ಬೆಂಗಳೂರಿನಲ್ಲಿ ಕಾಯುವ ಮನೆ: ನಾಟಕ ಕಟ್ಟಿದ ನನ್ನ ಅನುಭವ

ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಅಂದರೆ ಗೊತ್ತಿದ್ದವರಿಗೆ ಮೊದಲು ನೆನಪಾಗೋದು ಹೈಫಾ, ಈಗ ಇಸ್ರೇಲಿನಲ್ಲಿರುವ ಬಂದರು ಊರು. ಮೊದಲ ಮಹಾಯುದ್ಧದಲ್ಲಿ ಅವರು ಬ್ರಿಟಿಷರ ಕಡೆಯಿಂದ ತುರ್ಕರ ಮೇಲೆ ಹೋರಾಡಿದರು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರು ಊರಿನೊಳಕ್ಕೆ ನುಗ್ಗಿದರು. ನಮ್ಮವರು ಕಾರ್ಮೆಲ್ ಬೆಟ್ಟ ಹತ್ತಿ ಮೇಲಿದ್ದ ಫಿರಂಗಿಗಳ ಮೇಲೆ ಬಿದ್ದರು. ದೆಹಲಿಯ ತೀನ್ ಮೂರ್ತಿ ಸ್ಮಾರಕದಲ್ಲಿ ನಿಂತಿರುವ ಮೂವರು ಸೈನಿಕರಲ್ಲಿ ಒಬ್ಬ ಮೈಸೂರಿನವನು. ಆದರೂ ನಾಟಕ ಬರೆಯಲು ಕೂತಾಗ ನಾನು ಹೈಫಾ ಬಿಟ್ಟೆ. ಅದು ಗೆದ್ದ ಕಥೆ, ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನನ್ನನ್ನು ಹಿಡಿದಿಟ್ಟದ್ದು ಅದಾದ ಒಂದು ತಿಂಗಳಿಗೆ, ಅಕ್ಟೋಬರ್ 26ರಂದು, ಸಿರಿಯಾದ ಅಲೆಪ್ಪೊ ಊರಿನ ಹತ್ತಿರ ಹರಿತಾನ್ ಎಂಬಲ್ಲಿ ನಡೆದದ್ದು.

ಎದುರಿಗಿರೋರು ಸ್ವಲ್ಪವೇ ಜನ ಅಂದುಕೊಂಡು ಮೈಸೂರು ಮತ್ತು ಜೋಧಪುರದ ಸವಾರರು ಈಟಿ ಹಿಡಿದು ನುಗ್ಗಿದರು. ಅಲ್ಲಿದ್ದದ್ದು ತುರ್ಕರ ಸೇನಾಪತಿ ಮುಸ್ತಫಾ ಕೆಮಾಲ್ ಕೈಕೆಳಗಿನ ದೊಡ್ಡ ಪಡೆ. ಇಪ್ಪತ್ತಕ್ಕೂ ಜಾಸ್ತಿ ಜನ ಸತ್ತರು, ಐವತ್ತಕ್ಕೂ ಜಾಸ್ತಿ ಜನ ಗಾಯಗೊಂಡರು. ಅಕ್ಟೋಬರ್ 30ಕ್ಕೆ ಮುದ್ರೋಸ್ ಎಂಬ ಬಂದರಿನಲ್ಲಿ ಕದನವಿರಾಮದ ಒಪ್ಪಂದಕ್ಕೆ ಸಹಿ ಬಿತ್ತು. 31ರ ಮಧ್ಯಾಹ್ನ ತುರ್ಕರ ಜೊತೆಗಿನ ಯುದ್ಧ ನಿಂತೇಹೋಯಿತು. ಬರೀ ಐದು ದಿನ. ಆ ಐದು ದಿನ ನನ್ನ ತಲೆಯಿಂದ ಹೋಗಲೇ ಇಲ್ಲ.

ಜೆ.ಸಿ. ನಗರದಲ್ಲಿ ಲ್ಯಾನ್ಸರ್ಸ್ ಸ್ಮಾರಕ ಇದೆ. ಆ ಕಡೆ ಹೋದಾಗಲೆಲ್ಲ ನನಗೆ ಬರುತ್ತಿದ್ದದ್ದು ಒಂದೇ ಯೋಚನೆ: ಇವರ ಅಪ್ಪ ಅಮ್ಮ ಆ ನವೆಂಬರ್ ತಿಂಗಳನ್ನು ಹೇಗೆ ಕಳೆದರು? ನಾಟಕ ಹುಟ್ಟಿದ್ದು ಅಲ್ಲಿಂದ. ಮನೆ, ತಂದೆ, ತಾಯಿ, ಮಗ ಎಲ್ಲ ನನ್ನ ಕಲ್ಪನೆ. ತಾರೀಖುಗಳು ಮಾತ್ರ ನಿಜ.

ಮೊದಲ ರೀಡಿಂಗ್ ದಿನ ನಮ್ಮ ಹುಡುಗರು ಕೇಳಿದ್ದು ಕುದುರೆ ಹೇಗೆ ತೋರಿಸೋದು ಅಂತ. ಕುದುರೆ ಇಲ್ಲ, ಗುಂಡಿನ ಸದ್ದಿಲ್ಲ, ಹೊಗೆ ಇಲ್ಲ ಅಂದೆ. ಇಡೀ ನಾಟಕ ಒಂದು ಮನೆಯ ನಡುಮನೆಯಲ್ಲೇ ನಡೆಯುತ್ತದೆ. ಮಗ ಸತ್ತ ವಿಷಯವನ್ನು ಪ್ರೇಕ್ಷಕರಿಗೆ ನಾನು ಮೊದಲ ಭಾಗದ ಕೊನೆಗೇ ಹೇಳಿಬಿಡುತ್ತೇನೆ. ತಾರೀಖು, ಜಾಗ, ಅಷ್ಟೇ. ತಂದೆ ತಾಯಿಗೆ ಗೊತ್ತಾಗೋದು ಎಷ್ಟೋ ವಾರ ಆದಮೇಲೆ. ಎರಡನೇ ಭಾಗ ಪೂರ್ತಿ ಈ ನಡುವಿನ ಕಾಲ. ಸುದ್ದಿಯನ್ನು ಕೊನೆಯವರೆಗೆ ಮುಚ್ಚಿಟ್ಟರೆ ಕುತೂಹಲ ಜಾಸ್ತಿ ಇರುತ್ತಿತ್ತು ಅಂತ ಕೆಲವರು ಹೇಳಿದರು. ನನಗೆ ಕುತೂಹಲ ಬೇಕಿರಲಿಲ್ಲ. ನವೆಂಬರ್ 11ರಂದು ಇಡೀ ಯುದ್ಧ ಮುಗಿಯುತ್ತದೆ, ನಾಟಕದಲ್ಲಿ ಕಂಟೋನ್ಮೆಂಟ್ ಕಡೆಯಿಂದ ತೋಪಿನ ಸದ್ದು ಕೇಳಿಸುತ್ತದೆ, ತಂದೆ ಬೀದಿಗೆಲ್ಲ ಸಕ್ಕರೆ ಹಂಚಿ ಬರುತ್ತಾನೆ. ಅವನು ಸಕ್ಕರೆ ಹಂಚುವಾಗ ನೋಡುವವರಿಗೆ ಸತ್ಯ ಗೊತ್ತಿರಬೇಕು. ಆಗಲೇ ಆ ದೃಶ್ಯಕ್ಕೆ ಜೀವ.

ತಂದೆ ಅದೇ ರೆಜಿಮೆಂಟಿನ ನಿವೃತ್ತ ದಫೇದಾರ. ಪಡೆ ಈಜಿಪ್ಟಿಗೆ ಹೋದದ್ದು 1914ರಲ್ಲಿ. ಮಗ ಆಗಿನ್ನೂ ಚಿಕ್ಕವನು. ಆಮೇಲೆ ಹೋದ ತುಕಡಿಯೊಂದರಲ್ಲಿ ಅವನನ್ನು ಸೇರಿಸಿದ್ದು ಅಪ್ಪನೇ, ಸಾಹೇಬರಿಗೆ ಹೇಳಿಸಿ. ಇದೇ ಅವನ ಎದೆಯಲ್ಲಿ ಸಿಕ್ಕಿಕೊಂಡ ಮುಳ್ಳು. ಈ ಪಾತ್ರ ಮಾಡಿದ ಹಿರಿಯ ನಟರು ಸುದ್ದಿ ಬಂದಾಗ ತಲೆ ಚಚ್ಚಿಕೊಂಡು ಅಳಬೇಕು ಅಂತಿದ್ದರು. ನಾನು ಅವರ ಕೈಗೆ ಕುದುರೆಯ ಒಂದು ಹಳೇ ಜೀನು, ಒಂದು ಬಟ್ಟೆಚೂರು ಕೊಟ್ಟೆ. ಸುದ್ದಿ ಬರೋಕೆ ಮುಂಚೆ ಹೇಗೆ ಅದನ್ನು ಒರೆಸುತ್ತಿದ್ದನೋ ಬಂದಮೇಲೂ ಹಾಗೇ ಒರೆಸುತ್ತಿರಬೇಕು, ಮಾತು ಮಾತ್ರ ನಿಲ್ಲಬೇಕು. ತಾಲೀಮಿನಲ್ಲಿ ಅವರಿಗೆ ಇದು ತುಂಬಾ ಕಷ್ಟ ಆಯಿತು. ಒಂದು ಸಂಜೆ ಒರೆಸುತ್ತಾ ಒರೆಸುತ್ತಾ ಅವರ ಕೈ ಜೋರಾಯಿತು, ಚರ್ಮ ಕಿತ್ತುಬರುವಷ್ಟು. ನಾವ್ಯಾರೂ ಹೇಳಿಕೊಟ್ಟದ್ದಲ್ಲ. ಅದನ್ನೇ ಉಳಿಸಿಕೊಂಡೆವು.

ತಾಯಿಯ ಪಾತ್ರಕ್ಕೆ ಬೀಸುಕಲ್ಲು ಇಟ್ಟೆ. 1918ರಲ್ಲಿ ಮಳೆ ಕೈಕೊಟ್ಟಿತ್ತು, ದವಸದ ಬೆಲೆ ಏರಿತ್ತು. ಮನೆಯಲ್ಲಿ ರಾಗಿ ಎಷ್ಟಿದೆ ಅನ್ನೋದು ಆ ತಾಯಿಯ ದಿನದ ಲೆಕ್ಕ. ಥರ್ಮೋಕೋಲಿನ ಕಲ್ಲು ಮಾಡಿಕೊಡ್ತೀವಿ ಅಂತ ಸೆಟ್‌ನವರು ಅಂದರು. ನಾನು ಒಪ್ಪಲಿಲ್ಲ. ದೊಡ್ಡಬಳ್ಳಾಪುರದ ಕಡೆಯ ಒಂದು ಹಳ್ಳಿಮನೆಯಿಂದ ನಿಜವಾದ ಕಲ್ಲನ್ನೇ ತಂದೆವು. ಆ ಮನೆಯ ಅಜ್ಜಿ ನಮ್ಮ ನಟಿಗೆ ಗೂಟ ಹಿಡಿಯುವ ಬಗೆ, ಎಡಗೈಯಲ್ಲಿ ಒಂದೊಂದೇ ಹಿಡಿ ಕಾಳು ಹಾಕುವ ಲಯ ತೋರಿಸಿಕೊಟ್ಟರು. ಕಾಳು ಜಾಸ್ತಿ ಬಿದ್ದರೆ ಸದ್ದು ದಪ್ಪ. ಕಾಳು ಮುಗಿದು ಕಲ್ಲಿಗೆ ಕಲ್ಲು ತಾಗಿದರೆ ಕೀರಲು ಸದ್ದು, ಮೈ ಜುಮ್ಮೆನ್ನುತ್ತದೆ. ನಮಗೆ ಬೇರೆ ಹಿನ್ನೆಲೆ ಸಂಗೀತವೇ ಬೇಕಾಗಲಿಲ್ಲ. ರಂಗಶಂಕರದಂಥ ಕಡೆ, ಪ್ರೇಕ್ಷಕರು ವೇದಿಕೆಗೆ ಅಷ್ಟು ಹತ್ತಿರ ಕೂರುವಲ್ಲಿ, ಆ ಸದ್ದು ಮೈಕಿಲ್ಲದೆ ಕೊನೆಯ ಸಾಲಿಗೂ ಮುಟ್ಟುತ್ತದೆ.

ನಾಟಕದಲ್ಲಿ ನನಗೆ ತುಂಬಾ ಇಷ್ಟವಾದ ದೃಶ್ಯ ಕಾರ್ಡಿನದು. ಆಗ ಸೈನಿಕರಿಗೆ ಅಚ್ಚಾದ ಪೋಸ್ಟ್ ಕಾರ್ಡ್ ಕೊಡುತ್ತಿದ್ದರು. ‘ನಾನು ಚೆನ್ನಾಗಿದ್ದೇನೆ’, ‘ಆಸ್ಪತ್ರೆಗೆ ಸೇರಿದ್ದೇನೆ’, ‘ನಿಮ್ಮ ಕಾಗದ ಬಂತು’, ಹೀಗೆ ಸಾಲುಗಳು ಮೊದಲೇ ಇರುತ್ತಿದ್ದವು. ಬೇಡದ ಸಾಲನ್ನು ಹೊಡೆದುಹಾಕಿ ತಾರೀಖು, ಸಹಿ ಹಾಕಬೇಕು. ಬೇರೆ ಏನಾದರೂ ಬರೆದರೆ ಕಾರ್ಡನ್ನೇ ಹರಿದುಹಾಕುತ್ತಾರೆ. ನಮ್ಮ ನಾಟಕದಲ್ಲಿ ಅಂಥ ಒಂದು ಕಾರ್ಡು ಮಗ ಸತ್ತ ಮೇಲೆ ಮನೆಗೆ ಬರುತ್ತದೆ, ಹಿಂದಿನ ತಾರೀಖಿನದು. ತಂದೆ ಕನ್ನಡದಲ್ಲಿ ಬಿಡಿಸಿ ಹೇಳುತ್ತಾನೆ: ಚೆನ್ನಾಗಿದ್ದಾನಂತೆ.

‘ಹೊಡೆದುಹಾಕಿರೋದನ್ನೂ ಓದಿ.’

‘ಅದು ಓದೋಕಲ್ಲ ಕಣೆ. ಬೇಡ ಅಂತ ಹೊಡೆದಿರೋದು.’

‘ಬೇಡ ಅಂತ ಹೊಡೆದೋನೂ ನನ್ನ ಮಗನೇ ಅಲ್ವಾ? ಓದಿ.’

ಅವನು ಓದುತ್ತಾನೆ. ಆಸ್ಪತ್ರೆ, ಗಾಯ, ಕಾಯಿಲೆ, ಎಲ್ಲ. ಅವಳು ಪ್ರತಿ ಸಾಲಿಗೂ ‘ಅದಿಲ್ಲ ತಾನೆ?’ ಅಂತ ಕೇಳಿ ಖಾತ್ರಿ ಮಾಡಿಕೊಳ್ಳುತ್ತಾಳೆ. ಸಭಾಂಗಣದಲ್ಲಿ ಯಾರಾದರೂ ಅಳುವುದಿದ್ದರೆ ಅಲ್ಲೇ ಅಳುತ್ತಾರೆ, ಸಾವಿನ ಸುದ್ದಿ ಬಂದಾಗ ಅಲ್ಲ.

ಇನ್‌ಫ್ಲುಯೆಂಜಾ ವಿಷಯ ಬಿಡಲು ಸಾಧ್ಯವೇ ಇರಲಿಲ್ಲ. ಅದೇ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಜನ ಜ್ವರದಿಂದ ಸಾಯುತ್ತಿದ್ದರು. ನಮ್ಮ ದೇಶದಲ್ಲಿ ಆ ಜ್ವರಕ್ಕೆ ಕೋಟಿಗೂ ಮೀರಿ ಜನ ಬಲಿಯಾದರು. ದಂಡಿಗೆ ಹೋದವನಿಗೆ ಅಪಾಯ, ಮನೆಯಲ್ಲಿದ್ದವರಿಗೆ ಕ್ಷೇಮ ಅನ್ನೋ ಲೆಕ್ಕವೇ ತಲೆಕೆಳಗಾದ ಕಾಲ. ‘ಅವನು ಅಲ್ಲಿರೋದೇ ಒಳ್ಳೇದಾಯ್ತು’ ಅಂತ ತಾಯಿ ಪಕ್ಕದ ಮನೆಯವಳಿಗೆ ಹೇಳುತ್ತಾಳೆ. ಆ ಮಾತು ಬರೆದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಹೆಣ ಇಲ್ಲ, ಬೂದಿ ಇಲ್ಲ. ಸುದ್ದಿ ಮುಟ್ಟಿದ ದಿನದಿಂದ ಸೂತಕ ಅನ್ನುತ್ತಾರೆ ಪುರೋಹಿತರು. ‘ಹಾಗಾದರೆ ನಾವು ಸಕ್ಕರೆ ಹಂಚಿದ್ದು?’ ಅಂತ ತಂದೆ ಕೇಳುತ್ತಾನೆ. ಅದಕ್ಕೆ ಯಾರೂ ಉತ್ತರ ಕೊಡುವುದಿಲ್ಲ. ಆ ಯುದ್ಧರಂಗದಲ್ಲಿ ಸತ್ತ ಭಾರತೀಯರ ಹೆಸರು ಕೆತ್ತಿಸಿ 1926ರಲ್ಲಿ ಸೂಯೆಜ್ ಹತ್ತಿರ ಪೋರ್ಟ್ ತೌಫಿಕ್‌ನಲ್ಲಿ ಸ್ಮಾರಕ ಕಟ್ಟಿದರು. ಮುಂದಿನ ಯುದ್ಧಗಳಲ್ಲಿ ಅದೂ ಹಾಳಾಯಿತು. 1980ರಲ್ಲಿ ಕೈರೋದ ಹೀಲಿಯೋಪೊಲಿಸ್‌ನಲ್ಲಿ ಬೇರೆ ಮಾಡಿದರು. ಇದನ್ನು ಕೊನೆಗೆ ಒಂದು ದನಿಯಲ್ಲಿ ಹೇಳಿಸಿ ನೋಡಿದೆ, ತೆಗೆದುಬಿಟ್ಟೆ. ಆ ಮನೆಯ ನೋವಿನಿಂದ ಪ್ರೇಕ್ಷಕರನ್ನು ಎಬ್ಬಿಸಿ ಬೇರೆಲ್ಲೋ ಕರೆದುಕೊಂಡು ಹೋದಹಾಗಿತ್ತು.

ಯುದ್ಧ ಮುಗಿದ ಮೇಲೂ ರೆಜಿಮೆಂಟ್ ಕೂಡಲೇ ವಾಪಸ್ ಬರಲಿಲ್ಲ. ಬಂದಾಗ ಮಗನ ಗೆಳೆಯ ಮನೆಗೆ ಬರುತ್ತಾನೆ. ಲ್ಯಾನ್ಸರ್ಸ್‌ನಲ್ಲಿ ಮುಸ್ಲಿಮರು, ಮರಾಠರು, ಅರಸು ಮನೆತನದವರು ಎಲ್ಲ ಜೊತೆಗಿದ್ದರು. ಈ ಗೆಳೆಯ ಮುಸ್ಲಿಂ ಹುಡುಗ, ಅವನ ಕನ್ನಡದಲ್ಲಿ ದಖನಿ, ಅಂದರೆ ನಮ್ಮ ಕಡೆಯ ಉರ್ದು, ಬೆರೆತಿರುತ್ತದೆ. ಅದನ್ನು ತಿದ್ದಿ ಶುದ್ಧ ಕನ್ನಡ ಮಾಡಿ ಅಂತ ಸಲಹೆ ಬಂತು. ಶಿವಾಜಿನಗರದಲ್ಲಿ ಇವತ್ತೂ ಕಿವಿಗೆ ಬೀಳುವ ಮಾತನ್ನು ಯಾಕೆ ತಿದ್ದಬೇಕು? ‘ಅವ್ವಾ, ಅವ ಮೊದ್ಲೇ ಬಿದ್ದ, ನೋವು ಆಗ್ಲಿಲ್ಲ’ ಅಂತ ಅವನು ಸುಳ್ಳು ಹೇಳುತ್ತಾನೆ. ಅದು ಸುಳ್ಳು ಅಂತ ತಾಯಿಗೂ ಗೊತ್ತು. ಅವಳು ಅವನಿಗೆ ಮುದ್ದೆ ಬಡಿಸುತ್ತಾಳೆ.

ಮುಂದಿನ ಪ್ರಯೋಗಕ್ಕೆ ಈ ಗೆಳೆಯನ ತಾಯಿಯದೂ ಒಂದು ದೃಶ್ಯ ಬರೆಯುತ್ತಿದ್ದೇನೆ. ಅವಳ ಮಗ ಬದುಕಿ ಬಂದಿದ್ದಾನೆ, ಅವಳು ಈ ಮನೆಗೆ ಬರಬೇಕು. ಬಂದು ಮೊದಲ ಮಾತು ಏನಾಡುತ್ತಾಳೆ ಅನ್ನೋದು ಇನ್ನೂ ಸಿಕ್ಕಿಲ್ಲ. ದಖನಿ ಮಾತಾಡಿಕೊಂಡು ಬೆಳೆದ ಹಿರಿಯ ಕಲಾವಿದೆಯೊಬ್ಬರನ್ನು ಹುಡುಕುತ್ತಿದ್ದೇವೆ. ಅವರು ಸಿಕ್ಕ ಮೇಲೆ, ಅವರ ಜೊತೆ ಕೂತೇ ಆ ಮಾತು ಬರೆಯುತ್ತೇನೆ.