ಓವರ್ ಲೆಕ್ಕ ತಪ್ಪದಂತೆ ಬರೆಯುವುದು ಹೇಗೆ?

ದಾವಣಗೆರೆಯ ಹೈಸ್ಕೂಲ್ ಮೈದಾನವಿರಲಿ, ಬಡಾವಣೆಯ ಖಾಲಿ ಸೈಟಿರಲಿ, ‘ಇನ್ನೂ ಒಂದು ಬಾಲ್ ಐತಿ’ ಎನ್ನುವ ಜಗಳ ಎಲ್ಲ ಕಡೆಯೂ ಇದ್ದದ್ದೇ. ಸ್ಕೋರ್ ಬರೆಯುವವರು ಹುಷಾರಾಗಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಮೊದಲು ರನ್ ಲೆಕ್ಕ ಬೇರೆ, ಬಾಲ್ ಲೆಕ್ಕ ಬೇರೆ ಇಟ್ಟುಕೊಳ್ಳಿ. ಓವರ್ ಎಂದರೆ ಆರು ಸರಿಯಾದ ಎಸೆತ. ವೈಡ್, ನೋಬಾಲ್ ಈ ಆರರಲ್ಲಿ ಸೇರುವುದಿಲ್ಲ. ಬೈ (ಬ್ಯಾಟ್‌ಗೂ ಮೈಗೂ ತಾಗದ ಬಾಲ್‌ಗೆ ಓಡಿದ ರನ್), ಲೆಗ್‌ಬೈ (ಮೈಗೆ ತಾಗಿದ ಬಾಲ್‌ಗೆ ಓಡಿದ ರನ್) ಬಂದ ಎಸೆತ ಸೇರುತ್ತದೆ.

ಪ್ರತಿ ಎಸೆತಕ್ಕೂ ಅಂಪೈರ್ ಕೈ ನೋಡಿ, ಆಮೇಲೆ ಬರೆಯಿರಿ. ಎರಡೂ ಕೈ ಅಗಲಿಸಿದರೆ ವೈಡ್. ಒಂದೇ ಕೈ ಅಡ್ಡ ಚಾಚಿದರೆ ನೋಬಾಲ್. ಹೆಚ್ಚಿನ ತಕರಾರು ಬರುವುದು ಬೌಲರ್ ಮುಂಗಾಲಿನ ವಿಷಯದಲ್ಲೇ. ಸ್ಟಂಪ್‌ನಿಂದ 4 ಅಡಿ ಮುಂದಿರುವ ಕ್ರೀಸ್‌ನ ಹಿಂದೆ ಪಾದದ ಸ್ವಲ್ಪ ಭಾಗವಾದರೂ ಇರಬೇಕು. ಹಿಮ್ಮಡಿ ಗಾಳಿಯಲ್ಲಿದ್ದರೂ ಪರವಾಗಿಲ್ಲ. ಆದರೆ ಗೆರೆಯ ಮೇಲಷ್ಟೇ ಇದ್ದರೆ ಸಾಲದು, ಅದು ನೋಬಾಲ್.

ಈಗ ಒಂದು ಓವರ್ ಬರೆಯೋಣ. ಮೊದಲು ಒಂದು ಸಿಂಗಲ್. ಆಮೇಲೆ ವೈಡ್. ನಂತರ ಒಂದು ಲೆಗ್‌ಬೈ. ಆಮೇಲೆ ನೋಬಾಲ್, ಅದಕ್ಕೇ ಬ್ಯಾಟರ್ ಫೋರ್ ಹೊಡೆದ. ಬೌಲರ್ ನಾಲ್ಕು ಸಲ ಎಸೆದಿದ್ದಾನೆ, ವೈಡ್, ನೋಬಾಲ್‌ನ ತಲಾ ಒಂದು ರನ್ ಸೇರಿ ತಂಡಕ್ಕೆ 8 ರನ್ ಬಂದಿದೆ. ಆದರೆ ಲೆಕ್ಕಕ್ಕೆ ಸಿಕ್ಕಿದ್ದು ಎರಡೇ ಬಾಲ್! ಬೌಲರ್ ಖಾತೆಗೆ 7 ರನ್; ಲೆಗ್‌ಬೈ ಅವನ ತಲೆಗೆ ಬರುವುದಿಲ್ಲ. ಬ್ಯಾಟರ್ ಎದುರಿಸಿದ ಬಾಲ್‌ಗಳಲ್ಲಿ ನೋಬಾಲ್ ಸೇರುತ್ತದೆ, ವೈಡ್ ಸೇರುವುದಿಲ್ಲ. ಇಲ್ಲೇ ಜಾಸ್ತಿ ಜನ ಎಡವುವುದು.

ಏಕದಿನ, ಟಿ20 ನಿಯಮ ಪಾಲಿಸುವುದಾದರೆ ನೋಬಾಲ್ ನಂತರ ಫ್ರೀ ಹಿಟ್, ಅಂದರೆ ಆ ಎಸೆತಕ್ಕೆ ಬ್ಯಾಟರ್ ಬೌಲ್ಡ್, ಕ್ಯಾಚ್ ಆದರೂ ಔಟಲ್ಲ. ಆ ಫ್ರೀ ಹಿಟ್ಟೂ ವೈಡ್ ಆದರೆ ಮುಂದಿನ ಎಸೆತವೂ ಫ್ರೀ ಹಿಟ್ಟೇ. ಟೆಸ್ಟ್‌ನಲ್ಲಿ ಇದಿಲ್ಲ. ಇನ್ನು ವೈಡ್ ಎಸೆತಕ್ಕೆ ಬ್ಯಾಟರ್ ಸ್ಟಂಪ್ಡ್ ಆದರೆ ವಿಕೆಟ್ ಹೋಯಿತು, ಓವರ್‌ನ ಬಾಲ್ ಮಾತ್ರ ಖರ್ಚಾಗಲಿಲ್ಲ. ವಿಚಿತ್ರ ಅಲ್ವಾ?

4.3 ಓವರ್ ಎಂದರೆ ನಾಲ್ಕು ಓವರ್, ಮೂರು ಬಾಲ್. ರನ್ ರೇಟ್ ತೆಗೆಯುವಾಗ ಸುಮ್ನೆ 4.3ರಿಂದ ಭಾಗಿಸಬೇಡಿ, 4.5ರಿಂದ ಭಾಗಿಸಿ. 36 ರನ್ ಆಗಿದ್ದರೆ ರೇಟ್ 8.

ಅಂಪೈರ್ ಎಣಿಕೆ ತಪ್ಪಿ ಐದೇ ಎಸೆತಕ್ಕೆ ‘ಓವರ್’ ಎಂದುಬಿಟ್ಟರೆ? ನಿಯಮದ ಪ್ರಕಾರ ಅವರ ಎಣಿಕೆಯೇ ಅಂತಿಮ. ಉಳಿದ ಆ ಒಂದು ಬಾಲ್ ಮುಂದಿನ ಓವರ್‌ಗೆ ಸೇರುವುದಿಲ್ಲ, ಎಷ್ಟು ಕೂಗಾಡಿದರೂ.